ಸದ್ದಿನ ಸರದಿ

ನಮ್ಮೂರಿನಲ್ಲಿ ಮಾಡಿದ ಕೊಡ ಸದ್ದು ಮಾಡುವುದಿಲ್ಲ. ಎಷ್ಟೇ ಪಳಗಿದ ಕೈ ಬಡಿದದ್ದಿರಲಿ, ತಾಮ್ರ ಎಷ್ಟೇ ದಪ್ಪವಿರಲಿ, ಕಲ್ಲಿನ ಮೇಲೆ ಎತ್ತಿಹಾಕಿದರೂ ಹತ್ತಿಯ ಮೂಟೆ ಬಿದ್ದ ಹಾಗೆ ಬೀಳುತ್ತದೆ. ಬಳೆ, ಗೆಜ್ಜೆ, ಬಾಗಿಲ ಚಿಲಕ, ಬಾವಿಯ ರಾಟೆ ಎಲ್ಲವೂ ಹಾಗೆಯೇ. ಮಾಡಿದ್ದು ದೋಣಿಯಲ್ಲಿ ನೀರು ದಾಟಿ ದೊಡ್ಡೂರಿಗೆ ಹೋಗಬೇಕು, ಅಲ್ಲಿನ ಉಗ್ರಾಣದಲ್ಲಿ ಎರಡು ಗುರುವಾರ ಕಳೆಯಬೇಕು. ಹಿಂದಿರುಗಿ ಬಂದಾಗ ಅದಕ್ಕೆ ಸದ್ದು ಬಂದಿರುತ್ತದೆ. ನಾಲ್ಕು ಕೊಡ ಹೋದರೆ ಮೂರು ಬರುತ್ತವೆ, ನಾಲ್ಕನೆಯದು ದೊಡ್ಡೂರಿನ ಸುಂಕ. ಬಂದ ಮೂರನ್ನು ದಾಟಿದ್ದು ಎನ್ನುತ್ತೇವೆ, ಹೋಗದೆ ಉಳಿದದ್ದನ್ನು ಮೂಕ ಎನ್ನುತ್ತೇವೆ. ಮೂಕ ಪಾತ್ರೆಯನ್ನು ಮಾರುವ ಹಾಗಿಲ್ಲ, ಮದುವೆಯಲ್ಲಿ ಕೊಡುವ ಹಾಗಿಲ್ಲ. ಊರಿನಲ್ಲೆಲ್ಲ ಸದ್ದಿಲ್ಲದ ಬೀದಿ ಯಾವುದೆಂದು ಕೇಳಿದರೆ ಎಲ್ಲರೂ ಕಂಚುಗಾರರ ಸಾಲನ್ನು ತೋರಿಸುತ್ತಾರೆ. ಅಲ್ಲಿ ಹಗಲೆಲ್ಲ ಹನ್ನೆರಡು ಸುತ್ತಿಗೆಗಳು ಏಳುತ್ತವೆ, ಬೀಳುತ್ತವೆ. ಕೇಳಿಸುವುದು ಬಡಿಯುವವರ ಉಸಿರು ಮಾತ್ರ.

ನಮ್ಮ ಮನೆಯಲ್ಲಿ ನಾನು ಮತ್ತು ತುಂಗತ್ತೆ, ಇಬ್ಬರೇ. ಅವಳು ನನ್ನ ಅಪ್ಪನ ಅಕ್ಕ. ಇಪ್ಪತ್ತನೆಯ ವಯಸ್ಸಿನಲ್ಲಿ ಸಿಡುಬು ಬಂದು ಅವಳ ಎರಡೂ ಕಣ್ಣು ಹೋದವು. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ, ಮೂರು ಹೊತ್ತು ಅಡಿಗೆ ಮಾಡಿ ಹಾಕಿದವಳೂ ಅವಳೇ. ಹೊರಗಿನವರು ಇದನ್ನು ನಂಬುವುದಿಲ್ಲ. ಅವಳ ಮದುವೆಗೆಂದು ತಾತ ಏಳು ಪಾತ್ರೆಗಳನ್ನು ದಾಟಿಸಿ ತಂದಿದ್ದ. ಮದುವೆ ನಿಂತಿತು, ಪಾತ್ರೆ ಉಳಿದವು. ಬಿಂದಿಗೆಗೆ ನೀರು ಹೊಯ್ಯುವಾಗ ಸದ್ದು ದಪ್ಪಗೆ ಶುರುವಾಗಿ ಮೇಲೇರುತ್ತ ಸಣ್ಣಗಾಗುತ್ತದಲ್ಲ, ಅದು ಕತ್ತಿಗೆ ಬರುವ ಹೊತ್ತಿಗೆ ಅತ್ತೆ ಕೈ ಎತ್ತುತ್ತಿದ್ದಳು. ಒಂದು ಹನಿ ಚೆಲ್ಲುತ್ತಿರಲಿಲ್ಲ. ಅನ್ನ ಬೆಂದದ್ದು ಮುಚ್ಚಳದ ನಡುಕದಿಂದ, ಹಾಲು ಉಕ್ಕಿ ಬಂದದ್ದು ಪಾತ್ರೆಯ ಅಂಚಿನ ಸದ್ದಿನಿಂದ, ಹುಳಿ ಗಟ್ಟಿಯಾದದ್ದು ಸೌಟು ತಾಗುವ ರೀತಿಯಿಂದ ಅವಳಿಗೆ ತಿಳಿಯುತ್ತಿತ್ತು. ನಾನು ಲೋಟವನ್ನು ಅದರ ಜಾಗ ಬಿಟ್ಟು ಇಟ್ಟರೆ ಒಳಗಿನಿಂದಲೇ ಹೇಳುತ್ತಿದ್ದಳು, ಎರಡು ಬೆರಳು ಈಚೆ ಸರಿಸು ಎಂದು.

ನಾನು ಮಾತು ಕಡಿಮೆ ಆಡುವವಳು. ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿದ್ದೇನೆ, ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ನನಗೂ ತಿಳಿದಿರಲಿಲ್ಲ, ಊರಿಗೂ ತಿಳಿದಿರಲಿಲ್ಲ. ಅಕ್ಷರ ದುಂಡಗಿದ್ದುದರಿಂದ ಕಂಚುಗಾರರು ದೊಡ್ಡೂರಿಗೆ ಕಳಿಸುವ ಅರ್ಜಿಗಳನ್ನು ನನ್ನ ಕೈಯಲ್ಲಿ ಬರೆಸತೊಡಗಿದರು. ಉಳಿದ ಹೊತ್ತಿನಲ್ಲಿ ಡೈರಿ. ಜನರಿಗೆ ಹೇಳಬೇಕೆಂದುಕೊಂಡು ಹೇಳದೆ ಉಳಿದದ್ದೆಲ್ಲ ಅದರಲ್ಲಿದೆ. ಹಾಗಾಗಿ ಅದು ದಪ್ಪ.

ನನ್ನ ತಾತನ ಕಾಲದಲ್ಲಿ ಸುಂಕವೆಂದರೆ ಸುಂಕದ ಕಟ್ಟೆಯ ಬಳಿ ಮಾತ್ರ. ದೋಣಿಯಿಂದ ಇಳಿದದ್ದನ್ನು ತಟ್ಟುವವರು ಎಂಬ ಸುಂಕದ ನೌಕರರು ತಮ್ಮ ಹುಣಸೆಯ ಕೋಲಿನಿಂದ ತಟ್ಟಿ ನೋಡಿ ಬಿಡುತ್ತಿದ್ದರು. ಆಮೇಲೆ ದೊಡ್ಡೂರಿನಿಂದ ಒಂದು ಕಾಗದ ಬಂತು. ದೋಣಿ ದೋಚುವ ನೀರುಗಳ್ಳರನ್ನು ಓಡಿಸಿ ನಿಮ್ಮನ್ನು ಕಾಪಾಡಲು ನಮಗೆ ಬಹಳ ಖರ್ಚಾಗಿದೆ, ಅದರಲ್ಲಿ ನಿಮ್ಮದೂ ಪಾಲಿರಬೇಕು ಎಂದಿತ್ತು ಅದರಲ್ಲಿ. ತೇಪೆ ಹಾಕಿದ ಪಾತ್ರೆ ಮತ್ತೆ ಮೂಕವಾಗುತ್ತದೆ, ಅದನ್ನೂ ಹೊಸದೆಂದೇ ಲೆಕ್ಕ ಹಿಡಿದು ಮತ್ತೆ ದಾಟಿಸಬೇಕು ಎಂದು ಇನ್ನೊಂದು ಕಾಗದ. ನಮ್ಮವರು ತಾಮ್ರ ಕರಗಿಸಿ ಗಟ್ಟಿ ಕಳಿಸಬಹುದು, ದೊಡ್ಡ ಹಂಡೆ ಮಾತ್ರ ಮಾಡಬಾರದು, ಹಂಡೆ ಬೇಕಾದರೆ ದೊಡ್ಡೂರಿನದನ್ನೇ ಕೊಳ್ಳಬೇಕು ಎಂದು ಮತ್ತೊಂದು. ಕಳೆದ ವರ್ಷ ಬಂದ ಕಾಗದ ಎಲ್ಲಕ್ಕಿಂತ ಚಿಕ್ಕದು. ತಟ್ಟುವವರು ಇನ್ನು ಮೇಲೆ ಯಾವ ಮನೆಯೊಳಗೆ ಬೇಕಾದರೂ ಬಂದು ತಟ್ಟಬಹುದು ಎಂದಷ್ಟೇ ಅದರಲ್ಲಿ ಇತ್ತು.

ನಮ್ಮ ಬೀದಿಗೆ ಬಂದವನು ವೆಂಕೋಬಯ್ಯ. ನಮ್ಮೂರಿನವನೇ. ಹೆಗಲ ಮೇಲೆ ದೊಡ್ಡೂರಿನ ಕೆಂಪು ವಸ್ತ್ರ ಹಾಕಿಕೊಂಡ ಮೇಲೆ ಅವನ ಜೊತೆ ಯಾರೂ ಎಲೆ ಅಡಿಕೆ ಹಾಕುತ್ತಿರಲಿಲ್ಲ. ಮೂವತ್ತು ವರ್ಷ ತಟ್ಟಿ ತಟ್ಟಿ ಅವನ ಕಿವಿ ಎಷ್ಟು ಪಳಗಿತ್ತೆಂದರೆ ಯಾರ ಮನೆಯ ತಂಬಿಗೆ ಬಾವಿಕಟ್ಟೆಯಲ್ಲಿ ಉರುಳಿತು ಎಂದು ಬೀದಿಯ ಆ ತುದಿಯಿಂದ ಹೇಳುತ್ತಿದ್ದ. ಅವತ್ತು ಅವನು ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಸಂಕೋಚದಿಂದಲೇ ಅಡಿಗೆಮನೆಗೆ ಬಂದ.

‘ಬಾಪ್ಪ ವೆಂಕೋಬ,’ ಎಂದಳು ಅತ್ತೆ. ‘ನಮ್ಮನೆ ಪಾತ್ರೆಗಳು ನಿನ್ ಕೈಲಿ ಎಷ್ಟು ಏಟು ತಿಂದಿವೆಯೋ. ಒಂದಿನ ಅವೂ ತಿರುಗಿ ಹೊಡೀತವೆ, ನೋಡ್ಕೊ.’

ಅವನು ನಕ್ಕು ಒಂದೊಂದನ್ನೇ ತಟ್ಟಿದ. ಏಳೂ ಮಾತಾಡಿದವು. ಮೂಲೆಯಲ್ಲಿದ್ದ ಎಂಟನೆಯದು, ತೇಪೆ ಹಾಕಿದ ಬಾಣಲೆ, ಸುಮ್ಮನಿತ್ತು. ಅದನ್ನು ಅವನು ಎತ್ತಿಕೊಂಡ. ಅತ್ತೆ ಅದು ಹೇಗೆ ತೂತಾಯಿತು, ಎಷ್ಟು ಹಳೆಯದು, ಅದರಲ್ಲಿ ಮಾಡಿದ ಕಡುಬನ್ನು ಅವನ ತಾಯಿ ಎಷ್ಟು ಇಷ್ಟಪಡುತ್ತಿದ್ದಳು ಎಂದೆಲ್ಲ ಹೇಳಿದಳು. ಅವನು ತಲೆಯಾಡಿಸುತ್ತ ಪೂರ್ತಿ ಕೇಳಿದ. ಕೊನೆಗೆ ಅತ್ತೆಯೇ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು ಎಂದು ನಿಟ್ಟುಸಿರಿಟ್ಟಳು.

‘ಹೇಳ್ಕೊಳ್ಳಿ ತುಂಗಮ್ಮ, ಪರವಾಗಿಲ್ಲ, ಕೇಳ್ತೀನಿ,’ ಎಂದ ವೆಂಕೋಬಯ್ಯ. ‘ಬಾಣ್ಲೆ ಮಾತ್ರ ಬಿಡಕ್ಕಾಗಲ್ಲ.’

ಅದೇ ವಾರ ಮೇಸ್ತ್ರಿ ಸಂಪಂಗಪ್ಪನವರ ಕೊಟ್ಟಿಗೆಯಲ್ಲಿ ಸಭೆ ಸೇರಿತು. ಕಂಚುಗಾರರ ಸಾಲಿಗೆಲ್ಲ ಅವರೇ ಹಿರಿಯರು. ನಾನು ಹನ್ನೆರಡನೆಯ ಅರ್ಜಿ ಬರೆಯಲು ಕಾಗದ ತೆಗೆದುಕೊಂಡು ಹೋಗಿದ್ದೆ. ಹಿಂದಿನ ಹನ್ನೊಂದಕ್ಕೂ ಒಂದೇ ಉತ್ತರ ಬಂದಿತ್ತು. ನಿಮ್ಮ ಪತ್ರ ತಲುಪಿದೆ, ದೊಡ್ಡೂರಿಗೆ ನಿಮ್ಮ ಮೇಲೆ ಸದಾ ತಾಯಿಯ ಪ್ರೀತಿ ಇದೆ ಎಂದು. ಸಂಪಂಗಪ್ಪನವರ ಹೆಂಡತಿ ಗಿರಿಜಕ್ಕ ಅದನ್ನು ಕೇಳಿ, ಇದು ತಾಯಿ ಪ್ರೀತಿ ಅಲ್ಲ ಕಣ್ರೀ, ಅತ್ತೆ ಪ್ರೀತಿ ಎಂದಳು. ಅವಳ ಅತ್ತೆ ಅಲ್ಲೇ ಗೋಡೆಗೊರಗಿ ಕೂತಿದ್ದರು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು, ಆದರೆ ಸ್ವಲ್ಪ ತಡವಾಗಿ.

ಸುಂಕ ಕೊಡುವುದು ಯಾರಿಗೂ ಅಷ್ಟು ದೊಡ್ಡದಾಗಿರಲಿಲ್ಲ. ಸಂಪಂಗಪ್ಪನವರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು, ನಮ್ಮನ್ನೊಂದು ಸಲ ಕೇಳಬಹುದಿತ್ತಲ್ಲ ಎಂದು. ದೊಡ್ಡೂರಿನ ಚಾವಡಿಯಲ್ಲಿ ಕೂತು ನಮ್ಮ ಅಡಿಗೆಮನೆಯ ವಿಷಯ ತೀರ್ಮಾನ ಮಾಡುವವರಲ್ಲಿ ನಮ್ಮವನೊಬ್ಬನೂ ಇಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿದರು.

‘ಮಾಲ, ನೀನು ಹಿಸ್ಟ್ರಿ ಓದಿದೀಯಲ್ಲವ್ವ. ಪ್ರಪಂಚದಲ್ಲಿ ಬೇರೆ ಎಲ್ಲಾದ್ರೂ ಹಿಂಗಾಗಿತ್ತಾ?’

ನನ್ನ ಹೆಸರು ವನಮಾಲ. ಅಷ್ಟು ಜನರ ಮುಂದೆ ಅದನ್ನು ಕೇಳಿದ್ದಕ್ಕೇ ನನ್ನ ಕಿವಿ ಬಿಸಿಯಾಯಿತು. ಆದರೆ ಪ್ರಶ್ನೆ ನನಗೆ ಗೊತ್ತಿದ್ದದ್ದು. ಬ್ರಿಟಿಷರ ವ್ಯಾಪಾರ ನೀತಿ ಮತ್ತು ಅಮೆರಿಕದ ವಸಾಹತುಗಳು, ಹತ್ತು ಅಂಕ. ಕೊನೆಯ ವರ್ಷ ಬಂದಿತ್ತು, ಬರೆದಿದ್ದೆ. ಅದನ್ನೇ ನೆಲ ನೋಡುತ್ತ ಹೇಳತೊಡಗಿದೆ. ಸಮುದ್ರದಾಚೆ ಒಂದು ದೊಡ್ಡ ರಾಜ್ಯ, ಈಚೆ ಅದರ ಹದಿಮೂರು ವಸಾಹತುಗಳು. ಈಚೆಯವರು ಕಬ್ಬಿಣ ತೆಗೆದು ಗಟ್ಟಿ ಕಳಿಸಬಹುದು, ಅದರಿಂದ ಸಾಮಾನು ಮಾಡುವ ಹೊಸ ಕಾರ್ಖಾನೆ ಕಟ್ಟಬಾರದು. ಟೋಪಿ ಹೊಲಿಯಬಹುದು, ಹೊರಗೆ ಮಾರಬಾರದು. ಯುದ್ಧದ ಖರ್ಚಿಗೆಂದು ಕಾಗದಪತ್ರಕ್ಕೆಲ್ಲ ಮುದ್ರೆ ಬೀಳಬೇಕೆಂದರು, ಪತ್ರಿಕೆಗೂ ಬೀಳಬೇಕು, ಇಸ್ಪೀಟಿನ ಎಲೆಗೂ ಬೀಳಬೇಕು. ಆಚೆಯ ಸಭೆಯಲ್ಲಿ ಈಚೆಯವರು ಯಾರೂ ಇಲ್ಲ. ಹೇಳುತ್ತ ಹೋದಂತೆ ಕೊಟ್ಟಿಗೆಯಲ್ಲಿ ಯಾರೂ ಅಲುಗಾಡದೆ ಕೂತದ್ದು ನನಗೆ ತಿಳಿಯುತ್ತಿತ್ತು. ಹೆಂಗಸರು ಆಚೆಯ ಬಟ್ಟೆ ಬಿಟ್ಟು ಮನೆಯಲ್ಲೇ ನೂಲು ತೆಗೆದು ಒರಟು ಬಟ್ಟೆ ಉಟ್ಟರು ಎಂದೆ. ಕೊನೆಗೆ ಚಹಾದ ವಿಷಯ ಹೇಳಿದೆ. ಬಂದರಿಗೆ ಸುಂಕ ಹೇರಿದ ಮೂರು ಹಡಗು ಚಹಾ ಬಂದು ನಿಂತಿತ್ತು, ಊರಿನವರು ವೇಷ ಹಾಕಿಕೊಂಡು ಹಡಗು ಹತ್ತಿ, ಪೆಟ್ಟಿಗೆ ಪೆಟ್ಟಿಗೆಯನ್ನೇ ಒಡೆದು ಸಮುದ್ರಕ್ಕೆ ಸುರಿದರು ಎಂದು. ಅಲ್ಲಿಗೆ ಉತ್ತರ ಮುಗಿಯುತ್ತಿತ್ತು. ನಾನೂ ನಿಲ್ಲಿಸಿದೆ.

ಆಮೇಲೆ ಸಂಪಂಗಪ್ಪನವರು ನನ್ನ ಕೈಯಲ್ಲಿದ್ದ ಕಾಗದದ ಕಡೆ ನೋಡಿ, ಅದನ್ನ ಮಡಚಿಡವ್ವ, ಇನ್ನು ಅರ್ಜಿ ಬೇಡ ಎಂದರು.

ತೀರ್ಮಾನ ಅಲ್ಲೇ ಆಯಿತು. ಬರುವ ಗುರುವಾರ ದೋಣಿ ಬಂದಾಗ ಯಾರೂ ಸರಕು ಇಳಿಸಬಾರದು. ಪ್ರತಿ ಮನೆಯವರೂ ತಮ್ಮಲ್ಲಿರುವ ದಾಟಿದ್ದನ್ನೆಲ್ಲ ತಂದು ನೀರಿಗೆ ಹಾಕಬೇಕು. ಇನ್ನು ಮೇಲೆ ನಮ್ಮ ಕೈ ಮಾಡಿದ್ದು, ನಮ್ಮ ಮನೆಯಲ್ಲೇ, ಮೂಕವಾಗಿಯೇ. ಒಂದು ಮನೆಯಲ್ಲಿ ಒಂದು ಚಮಚ ಉಳಿದರೂ ದೊಡ್ಡೂರಿಗೆ ಸಲಿಗೆ ಕೊಟ್ಟ ಹಾಗೆ, ಅದಕ್ಕೇ ಒಂದೂ ಉಳಿಯಬಾರದು. ಮನೆಗೆ ಹೋಗುವಾಗ ಗಿರಿಜಕ್ಕ ನನ್ನ ಬೆನ್ನು ತಟ್ಟಿದಳು. ನಾನು ಖುಷಿಯಾಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ನನ್ನ ಮಾತನ್ನು ಒಂದು ಕೊಟ್ಟಿಗೆ ತುಂಬ ಜನ ಕೇಳಿದ್ದರು. ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಸೌಟು ಪಾತ್ರೆಗೆ ತಾಗಿದ ಸದ್ದು ಕೇಳುವವರೆಗೂ ಖುಷಿಯಾಗಿಯೇ ಇದ್ದೆ.

ಅತ್ತೆಗೆ ಹೇಗೆ ಹೇಳಲಿ ಎಂದು ಎರಡು ದಿನ ಒದ್ದಾಡಿದೆ. ಅಷ್ಟರಲ್ಲಿ ಬೀದಿಯೇ ಹೇಳಿಬಿಟ್ಟಿತ್ತು. ಅವಳು ಕೋಪ ಮಾಡಿಕೊಳ್ಳಲಿಲ್ಲ. ಹುರುಳಿಕಾಯಿ ಮುರಿಯುತ್ತ, ನೀನು ಹೇಳಿದ ಕಥೆಯನ್ನು ನನಗೂ ಹೇಳು ಎಂದಳು. ಹೇಳಿದೆ. ಕೊನೆಯವರೆಗೂ ಕೇಳಿದಳು.

‘ಚೆನ್ನಾಗಿದೆ,’ ಎಂದಳು. ‘ಆ ಊರಲ್ಲಿ ಕುರುಡರು ಇದ್ರೇನೆ ಮಾಲ?’

ಪುಸ್ತಕದಲ್ಲಿ ಅದು ಇರಲಿಲ್ಲ. ಇಲ್ಲ ಎಂದು ಹೇಳುವುದು ತಪ್ಪಾಗುತ್ತಿತ್ತು, ಇದ್ದರು ಎನ್ನಲೂ ನನಗೆ ಗೊತ್ತಿರಲಿಲ್ಲ. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಮುರಿಯತೊಡಗಿದೆ. ಹುರುಳಿಕಾಯಿ ಮುರಿಯುವ ಸದ್ದು ಮಾತ್ರ ಇತ್ತು. ಅದು ಯಾವ ಊರಿಗೂ ಹೋಗಿ ಬರಬೇಕಾದ ಸದ್ದಲ್ಲ.

ಗುರುವಾರ ಮಧ್ಯಾಹ್ನ ಊರೆಲ್ಲ ದಡದಲ್ಲಿ ಸೇರಿತು. ಸಂಪಂಗಪ್ಪನವರು ನಮ್ಮ ಮನೆಯ ಪಾತ್ರೆಗಳನ್ನು ಹೊರಲು ತಾವೇ ಬಂದರು. ಅತ್ತೆ ಒಂದೊಂದನ್ನೇ ಬೆರಳಿನಿಂದ ತಟ್ಟಿ, ಕೇಳಿ, ಅವರ ಕೈಗೆ ಕೊಟ್ಟಳು. ಬಿಂದಿಗೆ ಕೊಡುವಾಗ, ‘ಮೇಸ್ತ್ರಿಗಳೇ, ಎಲ್ಲಾರೂ ಪಾತ್ರೆ ಕೊಡ್ತಿದಾರೆ, ನಾನು ಕಣ್ಣು ಕೊಡ್ತಿದೀನಿ, ನೆನಪಿರ್ಲಿ,’ ಎಂದಳು. ಅವರು ಇರುತ್ತದಮ್ಮ ಎಂದರು. ಮರೆಯುವವರು ಹೇಳುವ ಹಾಗೆ ಬೇಗ ಹೇಳಿದರು. ಕೊಟ್ಟದ್ದು ಆರು. ಏಳನೆಯದು, ಹಿತ್ತಾಳೆಯ ಸೌಟು, ಹಿಂದಿನ ದಿನವೇ ನನ್ನ ಹಳೆಯ ಸೀರೆಯೊಂದರಲ್ಲಿ ಸುತ್ತಿಕೊಂಡು ನನ್ನ ಡೈರಿಗಳ ಪೆಟ್ಟಿಗೆ ಸೇರಿತ್ತು. ಅತ್ತೆ ಹುಡುಕಾಡಿದಳು, ಸಿಗದಾಗ ನನ್ನ ಕಡೆ ಮುಖ ತಿರುಗಿಸಿದಳು.

ದಡದಲ್ಲಿ ಎದ್ದ ಸದ್ದನ್ನು ಹೇಗೆ ಬರೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ನೂರಾರು ಕೊಡ, ಹರಿವಾಣ, ಗಂಟೆ, ಗೆಜ್ಜೆ ಒಂದಕ್ಕೊಂದು ತಾಗಿ ನೀರಿಗೆ ಬಿದ್ದವು. ಗಿರಿಜಕ್ಕ ಮೊಮ್ಮಗಳ ಕಾಲಿನಿಂದ ಗೆಜ್ಜೆ ಬಿಚ್ಚಿ ಎಸೆದಳು, ಎಸೆದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಂಕದ ಕಟ್ಟೆಯ ಮೇಲೆ ವೆಂಕೋಬಯ್ಯ ಒಬ್ಬನೇ ಕಣ್ಣು ಮುಚ್ಚಿ ನಿಂತಿದ್ದ. ಪ್ರತಿ ಪಾತ್ರೆ ಬಿದ್ದಾಗಲೂ ಅವನ ತುಟಿ ಅಲುಗುತ್ತಿತ್ತು. ಶಪಿಸುತ್ತಿದ್ದಾನೆ ಎಂದರು ಪಕ್ಕದವರು. ದೋಣಿಯವರು ಸರಕು ಇಳಿಸದೆ ಹಿಂದಿರುಗಿದರು. ಎಂಟು ದಿನದಲ್ಲಿ ನೀರಿನ ನಡುವೆ ದೊಡ್ಡೂರಿನ ದೋಣಿಗಳು ಸಾಲಾಗಿ ಬಂದು ನಿಂತವು. ಆಚೆಯಿಂದ ಏನೂ ಬರುವಂತಿಲ್ಲ, ಈಚೆಯಿಂದ ಏನೂ ಹೋಗುವಂತಿಲ್ಲ.

ಊರು ಮೂಕವಾಯಿತು. ಹಕ್ಕಿ, ಗಾಳಿ, ಬೆಂಕಿ, ಮನುಷ್ಯರ ಬಾಯಿ ಇಷ್ಟೇ ಉಳಿದವು. ಮೊದಲ ವಾರ ಎಲ್ಲರೂ ಎತ್ತರದ ದನಿಯಲ್ಲಿ ಮಾತಾಡಿದರು, ಆಮೇಲೆ ತಾವೇ ತಗ್ಗಿಸಿಕೊಂಡರು. ಬಾಗಿಲು ಬಡಿದರೆ ಕೇಳಿಸದ ಕಾರಣ ಬಂದವರು ಹೊರಗೆ ನಿಂತು ಕೆಮ್ಮುವುದು ರೂಢಿಯಾಯಿತು, ಒಬ್ಬೊಬ್ಬರ ಕೆಮ್ಮೂ ಗುರುತಾಯಿತು. ಗೆಜ್ಜೆ ಹೋದ ಮಕ್ಕಳು ಎಲ್ಲಿ ತೆವಳಿದರೋ ತಿಳಿಯದೆ ತಾಯಂದಿರು ಅವರ ಸೊಂಟಕ್ಕೆ ದವನದ ಕಟ್ಟು ಕಟ್ಟಿದರು, ವಾಸನೆ ಹಿಡಿದು ಹುಡುಕುತ್ತಿದ್ದರು. ಬಾವಿಕಟ್ಟೆಯಲ್ಲಿ ಕೊಡ ನೀರಿಗೆ ಮುಟ್ಟಿದ್ದು ಕೈಗೆ ಮಾತ್ರ ತಿಳಿಯಬೇಕು. ಮೇಲಿನ ಹಳ್ಳಿಗಳಿಂದ ರಾಗಿ ಬಂತು, ಉಪ್ಪು ಬರಲಿಲ್ಲ. ಸಪ್ಪೆ ಊಟವನ್ನೂ ಜನ ಹೆಮ್ಮೆಯಿಂದಲೇ ಉಂಡರು. ಸಂಪಂಗಪ್ಪನವರು ನಾಲ್ಕು ಜನರನ್ನು ಕಟ್ಟಿಕೊಂಡು ಬೀದಿ ಬೀದಿ ತಿರುಗಿ, ಯಾವ ಮನೆಯಲ್ಲಾದರೂ ದಾಟಿದ್ದು ಉಳಿದಿದೆಯೇ ಎಂದು ಕಿವಿಗೊಡುತ್ತಿದ್ದರು. ಅವರ ಕೈಗೂ ಕೋಲು ಬಂತು.

ನಮ್ಮ ಮನೆಯಲ್ಲಿ ಅತ್ತೆ ಮೊದಲ ದಿನವೇ ಬಿಂದಿಗೆ ತುಂಬಿ ಚೆಲ್ಲಿಸಿ, ಒದ್ದೆಯಲ್ಲಿ ಕಾಲು ಜಾರಿ ಬಿದ್ದಳು. ಎರಡನೆಯ ವಾರ ಅನ್ನ ಸೀದುಹೋಯಿತು. ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿದ್ದಾಗ ಹಾಲು ಉಕ್ಕಿ ಅವಳ ಕೈ ಮೇಲೆ ಬಿತ್ತು. ಮೂಕ ಪಾತ್ರೆಯಲ್ಲಿ ಹಾಲೂ ಮೂಕ. ಬೊಬ್ಬೆ ಎದ್ದ ಕೈಗೆ ನಾನು ಎಣ್ಣೆ ಹಚ್ಚುವಾಗ ಅವಳು, ಇನ್ನು ಒಲೆ ನೀನೇ ನೋಡ್ಕೊ ಎಂದಳು. ಅಷ್ಟೇ ಹೇಳಿದ್ದು. ಅವತ್ತಿನಿಂದ ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ಏಳುತ್ತಿರಲಿಲ್ಲ. ಗಂಟೆ ಎಷ್ಟೆಂದು ಕೇಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳುತ್ತಿದ್ದಳು. ಮೊದಲು ಅವಳು ಯಾವತ್ತೂ ಗಂಟೆ ಕೇಳಿದವಳಲ್ಲ. ನನಗೋ ಅಡಿಗೆ ಬರುತ್ತಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ ಆ ಕಂಬದ ಕಡೆ ನೋಡಲು ಬರುತ್ತಿರಲಿಲ್ಲ. ಡೈರಿ ತೆಗೆದರೆ ಒಂದೇ ವಾಕ್ಯ ಬರೆಯುತ್ತಿದ್ದೆ. ಕೊಟ್ಟಿಗೆಯಲ್ಲಿ ನಾನು ಬಾಯಿ ಬಿಡದಿದ್ದರೆ ಎಂದು ಶುರುವಾಗಿ ಅದು ಮುಂದೆ ಹೋಗುತ್ತಿರಲಿಲ್ಲ.

ಹದಿನೈದನೆಯ ದಿನಕ್ಕೆ ತಡೆಯಲಾಗಲಿಲ್ಲ. ಪೆಟ್ಟಿಗೆ ತೆಗೆದು, ಸೀರೆ ಬಿಚ್ಚಿ, ಸೌಟನ್ನು ಅತ್ತೆಯ ಕೈಗೆ ಕೊಟ್ಟೆ. ಮೆಲ್ಲಗೆ ತಟ್ಟು ಎಂದೆ. ಅವಳು ಅದನ್ನು ತಡವಿದಳು, ಮೂಸಿದಳು, ಉಗುರಿನಿಂದ ಒಂದೇ ಒಂದು ಸಲ ಮುಟ್ಟಿದಳು. ಸೌಟು ನುಡಿಯಿತು. ಅವಳ ಮುಖ ನೋಡಿ ನನಗೆ ಅಳು ಬಂತು. ಅವಳು ಎದ್ದು, ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ನಡೆದಳು, ಕುದಿಯುತ್ತಿದ್ದ ಹುಳಿಗೆ ಸೌಟು ಇಳಿಸಿ ತಿರುವಿದಳು.

ಸದ್ದನ್ನು ಬಚ್ಚಿಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಮೊದಲಿನ ಊರಿನಲ್ಲಿ ಒಂದು ಸೌಟಿನ ಸದ್ದು ನಮ್ಮ ಜಗುಲಿಯನ್ನೂ ದಾಟುತ್ತಿರಲಿಲ್ಲ. ಈಗಿನ ಊರಿನಲ್ಲಿ ಅದು ನಾಲ್ಕು ಬೀದಿಗೆ ಕೇಳಿಸಿತು. ಹುಳಿ ಇಳಿಸುವಷ್ಟರಲ್ಲಿ ಹೊರಗೆ ಐದಾರು ಜನರ ಕೆಮ್ಮು.

ಮುಂದೆ ಸಂಪಂಗಪ್ಪನವರಿದ್ದರು, ಹಿಂದೆ ಗಿರಿಜಕ್ಕ, ಅವಳ ಹಿಂದೆ ಬೀದಿಯ ಜನ. ಮೇಸ್ತ್ರಿಗಳ ಕೈಯಲ್ಲಿದ್ದ ಕೋಲು ಹುಣಸೆಯದೇ, ಉದ್ದವೂ ವೆಂಕೋಬಯ್ಯನದರಷ್ಟೇ. ನಾನು ಅದನ್ನು ನೋಡುತ್ತಿರುವುದನ್ನು ಕಂಡು ಅವರು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡರು.

‘ಮಾಲ, ಒಳಗೆ ದಾಟಿದ್ದೇನೋ ಇದೆ,’ ಎಂದರು.

ಇದೆ ಎಂದೆ.

‘ನಮ್ ಮಗೂ ಕಾಲಿನ ಗೆಜ್ಜೆ ಕೂಡ ಹಾಕ್ಬಿಟ್ವಿ,’ ಎಂದಳು ಗಿರಿಜಕ್ಕ. ‘ಮೊನ್ನೆ ಅದು ಬಾವಿಕಟ್ಟೆವರ್ಗೂ ಹೋಗಿತ್ತು, ನಂಗೆ ಗೊತ್ತೇ ಆಗ್ಲಿಲ್ಲ. ನಿಮ್ಮನೇದು ಮಾತ್ರ ಏನು ವಿಶೇಷ? ಕಥೆ ಹೇಳ್ದೋಳು ನೀನೇ ಅಲ್ವಾ?’

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿಂದ ಒಳಗೆ ಓಡಿಹೋಗಿ ಬಾಗಿಲು ಹಾಕಿಕೊಂಡು ಬರೆಯುವುದು ನನಗೆ ಗೊತ್ತಿದ್ದ ದಾರಿ. ಕಾಲು ಆ ಕಡೆ ತಿರುಗಿಯೂ ಇತ್ತು. ಆದರೆ ಬಾಗಿಲಲ್ಲಿ ಸೌಟು ಹಿಡಿದುಕೊಂಡು ಅತ್ತೆ ನಿಂತಿದ್ದಳು.

‘ಅವತ್ತು ನಾನು ಅರ್ಧ ಹೇಳಿದೆ,’ ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ‘ಹತ್ತು ಮಾರ್ಕಿಗೆ ಅಷ್ಟೇ ಸಾಕಿತ್ತು. ಚಹಾ ಸುರಿದ್ಮೇಲೆ ಆಚೆಯೋರು ಆ ಊರಿನ ಬಂದರನ್ನೇ ಮುಚ್ಚಿಬಿಟ್ರು. ಕೆಲಸ ಹೋಯ್ತು, ಸಾಮಾನು ಬರೋದು ನಿಂತೋಯ್ತು. ಆಗ ಮಿಕ್ಕ ವಸಾಹತಿನೋರು ಅಕ್ಕಿ ಕಳಿಸಿದ್ರು, ಕುರಿ ಹೊಡ್ಕೊಂಡು ಬಂದ್ರು. ಏಟು ಯಾರಿಗೆ ಜಾಸ್ತಿ ಬಿತ್ತೋ ಅವರ ಭಾರಾನ ಬೇರೆಯೋರು ಹೊತ್ಕೊಂಡ್ರು. ಇದನ್ನ ನಾನು ಹೇಳ್ಲಿಲ್ಲ. ನಾವು ಪಾತ್ರೆ ಎಲ್ಲಾರೂ ಒಂದೇ ಸಮ ಹಾಕಿದ್ವಿ ಮೇಸ್ತ್ರಿಗಳೇ. ಏಟು ಒಂದೇ ಸಮ ಬೀಳ್ಲಿಲ್ಲ.’

ಅತ್ತೆಯ ಬೊಬ್ಬೆ ಒಡೆದ ಕೈಯನ್ನು ನಾನು ತೋರಿಸಲಿಲ್ಲ. ಅವಳು ಸೌಟು ಹಿಡಿದಿದ್ದದ್ದು ಆ ಕೈಯಲ್ಲೇ, ಎಲ್ಲರೂ ನೋಡುತ್ತಿದ್ದರು.

‘ಸೌಟು ತಗೊಂಡ್ಹೋಗಿ,’ ಎಂದೆ. ‘ಆದ್ರೆ ದಿನಕ್ಕೊಂದು ಮನೆಯೋರು ಬಂದು ನಮ್ಮತ್ತೆ ಪಕ್ಕ ಕೂತ್ಕೊಬೇಕು. ಒಲೆ ಮೇಲೆ ಏನಾಗ್ತಿದೆ ಅಂತ ಬಾಯಲ್ಲಿ ಹೇಳ್ಬೇಕು. ನಾನೊಬ್ಳೇ ಹೇಳಿದ್ರೆ ಸಾಲಲ್ಲ, ನಂಗೆ ಅಡ್ಗೆ ಬರಲ್ಲ.’

ಯಾರೋ ಹಿಂದೆ ಕಿಸಕ್ಕೆಂದರು. ಅಷ್ಟರಲ್ಲಿ ಅತ್ತೆ ಹೊಸ್ತಿಲ ಈಚೆ ಬಂದು ಸೌಟನ್ನು ಮುಂದೆ ಚಾಚಿದಳು. ‘ತಗೊಳ್ಳಿ ಮೇಸ್ತ್ರಿ. ಒಂದೇ ಒಂದು ಸದ್ದಿಂದ ನಂಗೆ ಮನೆ ಕಾಣಲ್ಲ. ಸೌಟು ಎಲ್ಲಿದೆ ಅಂತ ಮಾತ್ರ ಕಾಣತ್ತೆ. ಅದು ನನ್ ಕೈಲೇ ಇದೆಯಲ್ಲ.’

ಸಂಪಂಗಪ್ಪನವರು ಸೌಟು ತೆಗೆದುಕೊಂಡರು. ಹೊರಡುವ ಮೊದಲು ನನ್ನ ಕಡೆ ತಿರುಗಿ, ಅಕ್ಕಿ ಕುರಿ ಬಂದ ಮೇಲೆ ಅಲ್ಲಿ ಏನಾಯಿತು ಎಂದು ತಗ್ಗಿದ ದನಿಯಲ್ಲಿ ಕೇಳಿದರು.

‘ಯುದ್ಧ,’ ಎಂದೆ.

‘ಎಷ್ಟು ದಿನ?’

‘ಎಂಟು ವರ್ಷ.’

ಅವರು ನೀರಿನ ಕಡೆ ನೋಡಿದರು. ನಮ್ಮ ಜಗುಲಿಯಿಂದ ದೊಡ್ಡೂರಿನ ದೋಣಿಗಳ ಸಾಲು ಕಾಣುತ್ತದೆ. ಆಮೇಲೆ ಮೆಟ್ಟಿಲಿಳಿದು ಹೋದರು. ಕೋಲನ್ನು ನಮ್ಮ ಗೋಡೆಗೆ ಒರಗಿಸಿದ್ದರು, ಮರೆತರೋ ಬಿಟ್ಟುಹೋದರೋ ಗೊತ್ತಿಲ್ಲ. ಅದರ ಮೇಲೆ ಈಗ ಅತ್ತೆಯ ಸೀರೆ ಒಣಗುತ್ತದೆ.

ಮಾರನೆಯ ಬೆಳಿಗ್ಗೆ ಮೊದಲ ಸರದಿಗೆ ಬಂದವಳು ಗಿರಿಜಕ್ಕ. ಮೊಮ್ಮಗಳನ್ನು ದವನದ ಕಟ್ಟಿನ ಸಮೇತ ಸೊಂಟದಲ್ಲಿ ಎತ್ತಿಕೊಂಡೇ ಬಂದಳು. ಒಲೆಯ ಪಕ್ಕ ಕೂತು ಊರಿನ ಸುದ್ದಿಯ ನಡುನಡುವೆ, ಹಾಂ ತುಂಗಮ್ಮ, ಕುದೀ ಬಂತು ಎನ್ನುತ್ತಿದ್ದಳು. ಸುದ್ದಿ ರುಚಿಯಾಗಿದ್ದ ದಿನ ಕುದಿಯ ಸುದ್ದಿ ತಡವಾಗುತ್ತಿತ್ತು. ಸಂಪಂಗಪ್ಪನವರು ತಮ್ಮ ಸರದಿಯ ದಿನ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಗುಳ್ಳೆ ಒಂದು, ಗುಳ್ಳೆ ಎರಡು ಎಂದು ಬಿಡದೆ ವರದಿ ಕೊಟ್ಟರು. ಅತ್ತೆ ಕಂಬ ಬಿಟ್ಟು ಎದ್ದಳು. ಸೌಟು ಹಿಡಿದಳು, ಮೂಕ ಸೌಟು. ಆದರೂ ಅವಳು ಒಂದೊಂದು ಹೆಜ್ಜೆಗೂ ತಡೆದು ನಿಲ್ಲುತ್ತಿದ್ದಳು. ಮಾತು ಯಾವಾಗಲೂ ಆದದ್ದರ ಹಿಂದೆ ಬರುತ್ತದೆ, ಸದ್ದು ಜೊತೆಗೇ ಬರುತ್ತದೆ. ಬಿಂದಿಗೆ ತುಂಬಿತು ಎಂದು ನಾವು ಹೇಳುವಷ್ಟರಲ್ಲಿ ನೆಲ ಒದ್ದೆಯಾಗಿರುತ್ತಿತ್ತು.

ಸರದಿ ಶುರುವಾದ ಮೂರನೆಯ ವಾರ ಹೊರಗೆ ಹೊಸ ಕೆಮ್ಮು. ವೆಂಕೋಬಯ್ಯ ನಿಂತಿದ್ದ. ಹೆಗಲ ಮೇಲೆ ಕೆಂಪು ವಸ್ತ್ರ ಇರಲಿಲ್ಲ. ತಟ್ಟಲು ಏನೂ ಇಲ್ಲದ ಊರಿನಲ್ಲಿ ಅವನಿಗೆ ಕೆಲಸವೂ ಇರಲಿಲ್ಲ. ಅವನಿಗೆ ಯಾರೂ ಸರದಿ ಕೊಟ್ಟಿರಲಿಲ್ಲ. ಅವತ್ತಿನ ಸರದಿಯ ಗಿರಿಜಕ್ಕ ಅವನನ್ನು ನೋಡಿದವಳೇ, ಇವನ್ನ ಒಳಗೆ ಬಿಟ್ರೆ ನಾನೆದ್ದು ಹೋಗ್ತೀನಿ ಎಂದಳು.

‘ಹೋಗು,’ ಎಂದಳು ಅತ್ತೆ. ‘ಬಾಪ್ಪ ವೆಂಕೋಬ. ಈಗ ತಟ್ಟಕ್ಕೆ ಏನೂ ಇಲ್ಲ ನೋಡು.’

ಗಿರಿಜಕ್ಕ ಹೋಗಲಿಲ್ಲ. ವೆಂಕೋಬಯ್ಯ ಚಪ್ಪಲಿ ಬಿಟ್ಟು ಬಂದು ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ನೆಲ ನೋಡುತ್ತ, ನಾನು ಅವತ್ತು ಕೊಟ್ಟಿಗೆಯಲ್ಲಿ ನೋಡಿದ ಹಾಗೆಯೇ ನೋಡುತ್ತ, ನಿಮ್ಮ ಬಿಂದಿಗೆಯ ಸದ್ದು ನನಗೆ ನೆನಪಿದೆ ಎಂದ. ‘ಎಲ್ಲಾದೂ ನೆನಪಿದೆ ತುಂಗಮ್ಮ. ನೀರಿಗೆ ಬೀಳೋವಾಗ ಒಂದೊಂದನ್ನೂ ಇನ್ನೊಂದ್ಸಲ ಹೇಳ್ಕೊಂಡೆ, ಮರ್ತು ಹೋಗ್ಬಾರ್ದು ಅಂತ. ನೀವು ನೀರು ಹುಯ್ರಿ.’

ಅತ್ತೆ ಮೂಕ ಬಿಂದಿಗೆಯ ಬಾಯಿಯನ್ನು ಎಡಗೈಯಿಂದ ಹುಡುಕಿ, ಬಲಗೈಯಿಂದ ನೀರು ಹೊಯ್ಯತೊಡಗಿದಳು. ನೀರು ಸದ್ದಿಲ್ಲದೆ ಇಳಿಯಿತು. ವೆಂಕೋಬಯ್ಯ ಬಿಂದಿಗೆಯೊಳಗೆ ಬಗ್ಗಿ ನೋಡುತ್ತ ಬಾಯಿ ತೆರೆದ. ಮೊದಲು ಹೊಟ್ಟೆಯಾಳದಿಂದ ದಪ್ಪನೆಯ ದನಿ, ಡಬಡಬ ಎಂದು, ಆಮೇಲೆ ಮೆಲ್ಲಗೆ ದುಂಡಗಾಗಿ, ನೀರು ಒಂದು ಬೆರಳು ಏರಿದರೆ ದನಿಯೂ ಒಂದು ಬೆರಳು ಏರಿ. ಗಿರಿಜಕ್ಕನ ಸೊಂಟದ ಮೇಲಿದ್ದ ಮಗು ಕೈ ಬಡಿಯಿತು. ಅದು ನಮ್ಮ ಬಿಂದಿಗೆಯೇ ಆಗಿತ್ತು. ಇಪ್ಪತ್ತಮೂರು ವರ್ಷ ನಾನು ಕೇಳುತ್ತಿದ್ದೇನೆ ಎಂದು ಗೊತ್ತೇ ಇಲ್ಲದೆ ಕೇಳಿದ್ದ ಸದ್ದು. ದನಿ ತೆಳ್ಳಗಾಗುತ್ತ, ಸಣ್ಣಗಾಗುತ್ತ, ಇನ್ನೇನು ಸೀಟಿಯಾಗಬೇಕು ಅನ್ನುವಷ್ಟರಲ್ಲಿ ಅತ್ತೆ ಕೈ ಎತ್ತಿದಳು.

‘ಸಾಕು,’ ಎಂದಳು.

ನಾನು ಬಗ್ಗಿ ನೋಡಿದೆ. ನೀರು ಕತ್ತಿನವರೆಗೆ ಬಂದು ನಿಂತಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.